ಪ್ರೈಮರಿಗೆ ಬಂದವರು, ನವೆಂಬರಿಗೆ ಬರುವವರು

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ನಡೆಯುವ ಪ್ರೈಮರಿಗಳಲ್ಲಿ ಯಾವ ಪಕ್ಷದ ಕಡೆ ಹೆಚ್ಚು ಜನ ಮತ ಹಾಕುತ್ತಾರೋ ಆ ಪಕ್ಷವೇ ನವೆಂಬರಿನಲ್ಲಿ ಗೆಲ್ಲುತ್ತದೆ ಎಂದು ಒಂದು ಲೇಖನದಲ್ಲಿ ಓದಿದೆ. 2000, 2008 ಮತ್ತು 2016ರ ಫಲಿತಾಂಶಗಳನ್ನು ಅದಕ್ಕೆ ಆಧಾರವಾಗಿ ಕೊಟ್ಟಿದ್ದರು. ಇದನ್ನು ನಿಯಮವೆಂದು ನಂಬಬಹುದೇ?

ಉತ್ತರ: ನಂಬಲಾಗದು. ಆದರೂ ಆ ಲೇಖಕರು ಆರಿಸಿಕೊಂಡ ಮೂರು ವರ್ಷಗಳನ್ನು ತಳ್ಳಿಹಾಕುವ ಮೊದಲು ಸ್ವಲ್ಪ ನೋಡೋಣ, ಏಕೆಂದರೆ ಅವು ಮೇಲ್ನೋಟಕ್ಕೆ ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಪ್ರೈಮರಿ ಎಂದರೆ ಪಕ್ಷದ ಹುರಿಯಾಳು ಯಾರಾಗಬೇಕೆಂದು ರಾಜ್ಯ ರಾಜ್ಯಗಳಲ್ಲಿ ಮತದಾರರೇ ಆರಿಸುವ ಚುನಾವಣೆ. 2008ರಲ್ಲಿ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವಿನ ಹಣಾಹಣಿಗೆ 3.5 ಕೋಟಿಗೂ ಹೆಚ್ಚು ಮಂದಿ ಡೆಮಾಕ್ರಟಿಕ್ ಪ್ರೈಮರಿಗಳಿಗೆ ಬಂದರು. ರಿಪಬ್ಲಿಕನ್ ಕಡೆ ಬಂದವರು ಸುಮಾರು 2 ಕೋಟಿ. ನವೆಂಬರಿನಲ್ಲಿ ಒಬಾಮ 365 ಎಲೆಕ್ಟೋರಲ್ ಮತ (ರಾಜ್ಯವಾರು ಹಂಚಿಕೆಯಾಗಿ, ಅಧ್ಯಕ್ಷರು ಯಾರೆಂದು ನಿರ್ಧರಿಸುವ ಮತ) ಪಡೆದರು, ಜಾನ್ ಮೆಕೇನ್ ಅವರಿಗೆ 173 ಬಂದವು. 2016ರಲ್ಲಿ ರಿಪಬ್ಲಿಕನ್ ಪ್ರೈಮರಿಗಳಲ್ಲಿ ಸುಮಾರು 3.1 ಕೋಟಿ ಮತಗಳು ಬಿದ್ದು ಆ ಪಕ್ಷದ ಹಳೆಯ ದಾಖಲೆಗಳೆಲ್ಲ ಮುರಿದವು. ಡೆಮಾಕ್ರಟಿಕ್ ಕಡೆಯ ಲೆಕ್ಕ ಅದಕ್ಕಿಂತ ಸ್ವಲ್ಪ ಕಡಿಮೆಯಿತ್ತು, ಡೊನಾಲ್ಡ್ ಟ್ರಂಪ್ ಗೆದ್ದರು. 2000ದಲ್ಲೂ ರಿಪಬ್ಲಿಕನ್ ಪ್ರೈಮರಿಗಳಿಗೇ ಹೆಚ್ಚು ಮಂದಿ ಬಂದಿದ್ದರು, ಜಾರ್ಜ್ ಬುಷ್ ಅಧ್ಯಕ್ಷರಾದರು.

ಇಷ್ಟಕ್ಕೇ ನಿಲ್ಲಿಸಿದರೆ ಸೂತ್ರ ಗಟ್ಟಿಯಾಗಿಯೇ ಕಾಣುತ್ತದೆ. ಇನ್ನೊಂದು ಹೆಜ್ಜೆ ಹಿಂದಕ್ಕೆ, ಈ ಮೂರರಂತೆಯೇ ಹಾಲಿ ಅಧ್ಯಕ್ಷರು ಸ್ಪರ್ಧಿಸದಿದ್ದ 1988ಕ್ಕೆ, ಹೋದರೆ ಅದು ಮುರಿದುಬೀಳುತ್ತದೆ. ಆ ವರ್ಷ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ 2.2 ಕೋಟಿಗೂ ಹೆಚ್ಚು ಮಂದಿ ಮತ ಹಾಕಿದ್ದರು, ರಿಪಬ್ಲಿಕನ್ ಕಡೆ ಸುಮಾರು 1.2 ಕೋಟಿ, ಅಂದರೆ ಹೆಚ್ಚುಕಡಿಮೆ ಎರಡಕ್ಕೊಂದು. ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ಹಿರಿಯ ಬುಷ್ 40 ರಾಜ್ಯಗಳನ್ನು ಗೆದ್ದರು. ಮೈಕೆಲ್ ಡುಕಾಕಿಸ್ ಅವರಿಗೆ ಸಿಕ್ಕಿದ ಎಲೆಕ್ಟೋರಲ್ ಮತಗಳು 111. ಸೂತ್ರವನ್ನು ಒಪ್ಪಿಸುವವರು ಆ ವರ್ಷವನ್ನು ಬಿಟ್ಟು ಎಣಿಕೆ ಶುರುಮಾಡುವುದು ಆಕಸ್ಮಿಕವಲ್ಲವೆಂದೇ ನನ್ನ ಅನುಮಾನ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಆ ಮೂರು ವರ್ಷಗಳ ಒಳಗೇ ಇದೆ. ಪ್ರೈಮರಿಗೆ ಬಂದವರ ಸಂಖ್ಯೆ ದೇಶದ ಒಲವನ್ನು ತೋರಿಸುತ್ತದೆ ಎಂದಾದರೆ, ಅದು ಮೊದಲು ಒಟ್ಟು ಜನಮತದಲ್ಲಿ ಕಾಣಿಸಬೇಕು. 2000ದಲ್ಲಿ ಒಟ್ಟು ಮತಗಳಲ್ಲಿ ಮುಂದಿದ್ದವರು ಅಲ್ ಗೋರ್, ಅದೂ ಐದು ಲಕ್ಷಕ್ಕೂ ಹೆಚ್ಚು ಮತಗಳಿಂದ. ಬುಷ್ ಅವರನ್ನು ಗೆಲ್ಲಿಸಿದ್ದು ಫ್ಲೋರಿಡಾದ 537 ಮತಗಳು. 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 28 ಲಕ್ಷ ಮತಗಳಿಂದ ಮುಂದಿದ್ದೂ ಸೋತರು. ಅಲ್ಲಿಗೆ, ಹೆಚ್ಚು ಜನ ಪ್ರೈಮರಿಗೆ ಬಂದ ಪಕ್ಷಕ್ಕೇ ನವೆಂಬರಿನಲ್ಲೂ ಹೆಚ್ಚು ಜನ ಮತ ಹಾಕಿದರು ಎಂಬ ಮಾತು ಆ ಮೂರರಲ್ಲಿ 2008ಕ್ಕೆ ಮಾತ್ರ ಸಲ್ಲುತ್ತದೆ.

ಒಂದು ಅಗುಳು ಹಿಸುಕಿ ನೋಡಿದರೆ ಅನ್ನ ಬೆಂದದ್ದು ತಿಳಿಯುತ್ತದೆ ಎನ್ನುತ್ತೇವೆ. ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದ ಆ ಪರೀಕ್ಷೆ ನಡೆಯುತ್ತದೆ. ಪ್ರೈಮರಿ ಮತದಾರರು ಹಾಗಲ್ಲ. 2016ರಲ್ಲಿ ಎರಡೂ ಪಕ್ಷಗಳ ಪ್ರೈಮರಿಗಳನ್ನು ಕೂಡಿದರೆ ಬಂದವರು ಸುಮಾರು 6 ಕೋಟಿ. ನವೆಂಬರಿನಲ್ಲಿ ಮತ ಹಾಕಿದವರು 13.6 ಕೋಟಿಗೂ ಹೆಚ್ಚು. ನವೆಂಬರಿನಲ್ಲಿ ತೀರ್ಪು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಸಂತಕಾಲದಲ್ಲಿ ಮತಗಟ್ಟೆಯ ಕಡೆ ತಲೆಹಾಕಿರಲಿಲ್ಲ. ಬಂದವರು ಸಾಮಾನ್ಯವಾಗಿ ವಯಸ್ಸಾದವರು, ರಾಜಕೀಯದಲ್ಲಿ ಆಸಕ್ತಿಯುಳ್ಳವರು, ಯಾವ ಪಕ್ಷದವರೆಂದು ಆಗಲೇ ನಿರ್ಧರಿಸಿಕೊಂಡವರು. ಪ್ರೈಮರಿ ಇರಲಿ ಇಲ್ಲದಿರಲಿ, ನವೆಂಬರಿನಲ್ಲಿ ಇವರ ಮತ ಯಾರಿಗೆಂಬುದು ಬಹುಮಟ್ಟಿಗೆ ಮೊದಲೇ ಗೊತ್ತಿರುವ ಸಂಗತಿ. ಪೈಪೋಟಿಯಿರುವ ರಾಜ್ಯಗಳಲ್ಲಿ ಫಲಿತಾಂಶ ತಿರುಗುವುದು ಬಾರದೇ ಉಳಿದವರ ಕೈಯಲ್ಲಿ.

ಪ್ರಶ್ನೆ: ರಾಷ್ಟ್ರಮಟ್ಟದ ಲೆಕ್ಕ ಬೇಡ, ರಾಜ್ಯವಾರು ನೋಡಿದರೆ ಪ್ರೈಮರಿ ಮತದಾನ ಹೆಚ್ಚು ನಂಬಲರ್ಹ ಸೂಚನೆ ಕೊಡುತ್ತದೆಯೇ?

ಉತ್ತರ: ರಾಜ್ಯವಾರು ನೋಡಿದಾಗ ಗೊಂದಲ ಹೆಚ್ಚುತ್ತದೆ, ಏಕೆಂದರೆ ಯಾರು ಯಾವ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದೆಂಬ ನಿಯಮವೇ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲೋರಿಡಾ, ಪೆನ್ಸಿಲ್ವೇನಿಯಾಗಳಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಪಕ್ಷದ ಮತಪತ್ರ ಸಿಗುತ್ತದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯಾವ ಪಕ್ಷಕ್ಕೂ ಸೇರದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಟೆಕ್ಸಸ್‌ನಲ್ಲಿ ಪಕ್ಷವಾರು ನೋಂದಣಿಯೇ ಇಲ್ಲ. ಮತಗಟ್ಟೆಗೆ ಹೋದವರು ಆ ದಿನ ಯಾವ ಪಕ್ಷದ ಮತಪತ್ರ ಬೇಕೋ ಅದನ್ನು ಕೇಳಿ ಪಡೆಯುತ್ತಾರೆ.

ಟೆಕ್ಸಸ್‌ನಲ್ಲಿ 2008ರ ಮಾರ್ಚ್ 4ರಂದು ಆದದ್ದನ್ನು ನೋಡಿ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ 28 ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು, ರಿಪಬ್ಲಿಕನ್ ಪ್ರೈಮರಿಯಲ್ಲಿ ಸುಮಾರು 13.6 ಲಕ್ಷ. ಹಗಲು ಮತ ಹಾಕಿದ ಡೆಮಾಕ್ರಟರು ಸಂಜೆ ಮತ್ತೆ ಬಂದು ಕಾಕಸ್ ಎಂಬ ಪಕ್ಷದ ಸಭೆಯಲ್ಲಿಯೂ ಲೆಕ್ಕಕ್ಕೆ ನಿಲ್ಲಬೇಕಾಗಿದ್ದ ವಿಚಿತ್ರ ಪದ್ಧತಿ ಅಲ್ಲಿ ಆಗ ಇತ್ತು. ಆದರೂ ಜನ ಕಿಕ್ಕಿರಿದು ಬಂದರು. ಆ ರಾತ್ರಿ ಪತ್ರಿಕೆಗಳು ಟೆಕ್ಸಸ್ ಬಣ್ಣ ಬದಲಿಸುತ್ತಿದೆಯೇ ಎಂದು ಕೇಳಿದ್ದರೆ ಅಚ್ಚರಿಯಿಲ್ಲ. ನವೆಂಬರಿನಲ್ಲಿ ಮೆಕೇನ್ ಸುಮಾರು 12 ಶೇಕಡಾ ಅಂಶಗಳ ಅಂತರದಿಂದ ಟೆಕ್ಸಸ್ ಗೆದ್ದರು. ಕಾರಣ ಗೂಢವೇನಲ್ಲ: ಮೆಕೇನ್ ಅವರ ಆಯ್ಕೆ ಅಂದೇ ಖಚಿತವಾಯಿತು, ರಿಪಬ್ಲಿಕನ್ ಕಣದಲ್ಲಿ ತೀರ್ಮಾನಿಸಲು ಹೆಚ್ಚೇನೂ ಉಳಿದಿರಲಿಲ್ಲ, ಮತಪತ್ರವನ್ನು ಆರಿಸುವ ಸ್ವಾತಂತ್ರ್ಯವಿದ್ದವರು ಎಲ್ಲಿ ಜಗಳವಿತ್ತೋ ಅಲ್ಲಿಗೆ ಹೋದರು. ಹಿಲರಿ ಅವರಿಗೆ ಮತ ಹಾಕಿ ಡೆಮಾಕ್ರಟರ ಕಚ್ಚಾಟವನ್ನು ಎಳೆದಾಡಿಸಿ ಎಂದು ರೇಡಿಯೊ ನಿರೂಪಕ ರಷ್ ಲಿಂಬಾ ತಮ್ಮ ರಿಪಬ್ಲಿಕನ್ ಕೇಳುಗರನ್ನು ಹುರಿದುಂಬಿಸಿದ್ದೂ ಆ ದಿನಗಳಲ್ಲೇ.

ಇನ್ನೂ ಹತ್ತಿರದಿಂದ ನೋಡಬೇಕಾದ ರಾಜ್ಯ ವೆಸ್ಟ್ ವರ್ಜೀನಿಯಾ. 2016ರ ಮೇ 10ರಂದು ಅಲ್ಲಿ ಎರಡೂ ಪಕ್ಷಗಳ ಪ್ರೈಮರಿ ಒಂದೇ ದಿನ ನಡೆಯಿತು. ಡೆಮಾಕ್ರಟಿಕ್ ಕಡೆ ಸುಮಾರು 2.4 ಲಕ್ಷ ಮತಗಳು, ರಿಪಬ್ಲಿಕನ್ ಕಡೆ ಸುಮಾರು 2 ಲಕ್ಷ. ನವೆಂಬರಿನಲ್ಲಿ ಟ್ರಂಪ್ ಅವರಿಗೆ ಶೇ. 68ರಷ್ಟು, ಹಿಲರಿ ಅವರಿಗೆ ಶೇ. 26ರಷ್ಟು ಮತ ಬಂತು. ಇದನ್ನು ಅರ್ಥಮಾಡಿಕೊಳ್ಳಲು ಕಲ್ಲಿದ್ದಲ ಗಣಿಯ ಕೌಂಟಿಯೊಂದರ ಮತದಾರನನ್ನು ಕಲ್ಪಿಸಿಕೊಳ್ಳಿ. ಗಣಿ ಕಾರ್ಮಿಕ ಸಂಘದ ಕಾಲದಿಂದ ಅವನ ಮನೆಯವರೆಲ್ಲ ಡೆಮಾಕ್ರಟರೆಂದೇ ನೋಂದಾಯಿಸಿಕೊಂಡವರು. ತಾತ ಹಾಕಿಕೊಟ್ಟ ಆ ಗುರುತನ್ನು ಬದಲಿಸಿಕೊಳ್ಳುವ ಗೋಜಿಗೆ ಅವನು ಹೋಗಿಲ್ಲ. ಕೌಂಟಿಯ ಶೆರಿಫ್ ಯಾರು, ಗುಮಾಸ್ತ ಯಾರು ಎಂಬುದು ಬಹುಕಾಲದಿಂದ ಡೆಮಾಕ್ರಟಿಕ್ ಪ್ರೈಮರಿಯಲ್ಲೇ ತೀರ್ಮಾನವಾಗುತ್ತಿದ್ದುದರಿಂದ ಮೇ ತಿಂಗಳಲ್ಲಿ ಅವನಿಗೆ ಬೇಕಾದ ಮತಪತ್ರ ಅದೇ. ಅದೇ ಮನುಷ್ಯ ನವೆಂಬರಿನಲ್ಲಿ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಹೆಸರಿಗೆ ಗುರುತು ಹಾಕುತ್ತಾನೆ, ಅದರಲ್ಲಿ ಅವನಿಗೆ ಯಾವ ವಿರೋಧಾಭಾಸವೂ ಕಾಣುವುದಿಲ್ಲ. ನಾಲ್ಕು ವರ್ಷ ಹಿಂದೆ, 2012ರಲ್ಲಿ, ಇದೇ ಪ್ರೈಮರಿಯಲ್ಲಿ ಟೆಕ್ಸಸ್‌ನ ಸೆರೆಮನೆಯೊಂದರಲ್ಲಿದ್ದ ಕೈದಿಯೊಬ್ಬರು ಹಾಲಿ ಅಧ್ಯಕ್ಷ ಒಬಾಮ ವಿರುದ್ಧ ಶೇ. 40ಕ್ಕೂ ಹೆಚ್ಚು ಮತ ಪಡೆದಿದ್ದರು. ಮತಗಟ್ಟೆಗೆ ಎಷ್ಟು ಜನ ಬಂದರೆಂಬುದಕ್ಕಿಂತ ಆ ಒಂದು ಅಂಕಿ ನವೆಂಬರಿನ ಬಗ್ಗೆ ಹೆಚ್ಚು ಹೇಳುತ್ತಿತ್ತು.

ಎದುರು ದಿಕ್ಕಿನ ಉದಾಹರಣೆಗಳೂ ಇವೆ. 2016ರಲ್ಲಿ ವರ್ಜೀನಿಯಾದ ಪ್ರೈಮರಿಗೆ ಡೆಮಾಕ್ರಟರಿಗಿಂತ ರಿಪಬ್ಲಿಕನ್ನರು ಎರಡು ಲಕ್ಷಕ್ಕೂ ಹೆಚ್ಚು ಬಂದಿದ್ದರು. ನವೆಂಬರಿನಲ್ಲಿ ರಾಜ್ಯ ಹಿಲರಿ ಪಾಲಾಯಿತು. ಆದರೆ 2008ರ ಇಂಡಿಯಾನಾವನ್ನು ನಾನು ಬೇರೆಯಾಗಿ ಇಡುತ್ತೇನೆ. ಅಲ್ಲಿ ಡೆಮಾಕ್ರಟಿಕ್ ಪ್ರೈಮರಿಗೆ ಸುಮಾರು 12.8 ಲಕ್ಷ ಮಂದಿ ಬಂದರು, ಮತ್ತು 1964ರ ಬಳಿಕ ಮೊದಲ ಸಲ ಆ ರಾಜ್ಯ ಡೆಮಾಕ್ರಟಿಕ್ ಅಭ್ಯರ್ಥಿಗೆ ಒಲಿಯಿತು, ಅದೂ ಸುಮಾರು 28 ಸಾವಿರ ಮತಗಳ ಅಂತರದಲ್ಲಿ. ಮೇ ತಿಂಗಳ ಆ ಹೋರಾಟಕ್ಕಾಗಿ ಒಬಾಮ ಪಾಳಯ ತೆರೆದ ಕಚೇರಿಗಳು, ಸೇರಿಸಿದ ಹೊಸ ಮತದಾರರ ಹೆಸರುಗಳು, ಬಾಗಿಲು ಬಾಗಿಲು ತಟ್ಟಿದ ಸ್ವಯಂಸೇವಕರು ನವೆಂಬರಿಗೂ ಒದಗಿಬಂದರು. ಸೋಲು ಗೆಲುವಿನ ಅಂತರ ಕೂದಲೆಳೆಯಷ್ಟಿರುವಲ್ಲಿ ಇಂಥ ಸಿದ್ಧತೆ ಫಲ ಕೊಡುತ್ತದೆ. ಟೆಕ್ಸಸ್‌ನಲ್ಲಿದ್ದಂತೆ 12 ಅಂಶಗಳ ಕಂದಕವಿರುವಲ್ಲಿ ಕೊಡುವುದಿಲ್ಲ.

ಪ್ರಶ್ನೆ: ಹಾಲಿ ಅಧ್ಯಕ್ಷರೇ ಮತ್ತೆ ಸ್ಪರ್ಧಿಸಿದಾಗ ಅವರ ಪಕ್ಷದ ಪ್ರೈಮರಿಯಲ್ಲಿ ಮತದಾನ ಕಡಿಮೆಯಾದರೆ ಅದು ನಿರುತ್ಸಾಹದ ಲಕ್ಷಣವೇ?

ಉತ್ತರ: ಅಲ್ಲ. ಎದುರಾಳಿಯೇ ಇಲ್ಲದ ಕಣಕ್ಕೆ ಜನ ಏಕೆ ಬರಬೇಕು? 1972, 1984, 2004 ಮತ್ತು 2012, ಈ ನಾಲ್ಕೂ ವರ್ಷ ಹಾಲಿ ಅಧ್ಯಕ್ಷರ ಪಕ್ಷದ ಪ್ರೈಮರಿ ಭಣಗುಟ್ಟಿತು, ವಿರೋಧ ಪಕ್ಷದ ಪ್ರೈಮರಿ ತುಂಬಿ ತುಳುಕಿತು, ನಾಲ್ಕೂ ಸಲ ಹಾಲಿ ಅಧ್ಯಕ್ಷರೇ ಗೆದ್ದರು. ನಿಕ್ಸನ್ ಮತ್ತು ರೇಗನ್ ಅವರಂತೂ ತಲಾ 49 ರಾಜ್ಯಗಳನ್ನು ಬಾಚಿಕೊಂಡರು.

ಇಲ್ಲಿ ಲೆಕ್ಕ ತಿರುಗುಮುರುಗಾಗುವ ಸಂದರ್ಭವೇ ಹೆಚ್ಚು ಕುತೂಹಲದ್ದು. 1980ರಲ್ಲಿ ಜಿಮ್ಮಿ ಕಾರ್ಟರ್ ವಿರುದ್ಧ ಅವರ ಪಕ್ಷದೊಳಗೇ ಎಡ್ವರ್ಡ್ ಕೆನಡಿ ನಿಂತರು. ಜನ ಬಂದರು, ಡೆಮಾಕ್ರಟಿಕ್ ಪ್ರೈಮರಿಗಳ ಒಟ್ಟು ಮತಗಳು ರಿಪಬ್ಲಿಕನ್ ಮತಗಳನ್ನು ಮೀರಿಸಿದವು. ಆ ಜನಸಂದಣಿ ಕಾರ್ಟರ್ ಅವರ ಬಲದ ಗುರುತಾಗಿರಲಿಲ್ಲ, ಮನೆಯೊಳಗಿನ ಜಗಳದ ಸದ್ದಾಗಿತ್ತು. ನವೆಂಬರಿನಲ್ಲಿ ಅವರಿಗೆ ದಕ್ಕಿದ ಎಲೆಕ್ಟೋರಲ್ ಮತ 49. 1976ರಲ್ಲಿ ಜೆರಾಲ್ಡ್ ಫೋರ್ಡ್ ಅವರನ್ನು ರೇಗನ್ ಕಾಡಿದರು, 1992ರಲ್ಲಿ ಹಿರಿಯ ಬುಷ್ ಅವರನ್ನು ಪ್ಯಾಟ್ ಬ್ಯುಕ್ಯಾನನ್ ಕಾಡಿದರು. ಇಬ್ಬರೂ ಅಧ್ಯಕ್ಷ ಸ್ಥಾನ ಕಳೆದುಕೊಂಡರು. ಹಾಲಿ ಅಧ್ಯಕ್ಷರ ವಿಷಯದಲ್ಲಿ ನೋಡಬೇಕಾದ್ದು ತಲೆಯೆಣಿಕೆಯನ್ನಲ್ಲ, ಒಡಕನ್ನು.

ಹಾಗೆಂದು ಒಡಕಿಲ್ಲದಿರುವುದನ್ನೇ ಗೆಲುವಿನ ಭರವಸೆಯೆಂದು ತಿಳಿಯಬಾರದು. 2020ರಲ್ಲಿ ಹೇಳಿಕೊಳ್ಳುವಂಥ ಎದುರಾಳಿಯಿಲ್ಲದಿದ್ದರೂ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಟ್ರಂಪ್ ಸುಮಾರು 1.3 ಲಕ್ಷ ಮತ ಪಡೆದರು. ಅಲ್ಲಿನ ಪ್ರೈಮರಿಯಲ್ಲಿ ಯಾವ ಹಾಲಿ ಅಧ್ಯಕ್ಷರೂ ಅಷ್ಟು ಪಡೆದಿರಲಿಲ್ಲ. ಪ್ರೈಮರಿಗಳಲ್ಲಿ ಅಭ್ಯರ್ಥಿ ತೋರುವ ಬಲವನ್ನೇ ಆಧಾರವಾಗಿಟ್ಟು ಭವಿಷ್ಯ ಲೆಕ್ಕಹಾಕುವ ಪ್ರಾಧ್ಯಾಪಕ ಹೆಲ್ಮುಟ್ ನಾರ್ಪೋತ್ ಆ ವರ್ಷ ಟ್ರಂಪ್ ಗೆಲ್ಲುವ ಸಂಭವ ಶೇ. 91 ಎಂದಿದ್ದರು. ನ್ಯೂ ಹ್ಯಾಂಪ್‌ಶೈರ್ ಏಳು ಅಂಶಗಳಿಂದ, ದೇಶ 306 ಎಲೆಕ್ಟೋರಲ್ ಮತಗಳಿಂದ ಜೋ ಬೈಡನ್ ಅವರದಾಯಿತು.

ಪ್ರಶ್ನೆ: “ಕಳೆದ ಬಾರಿಗಿಂತ ಈ ಬಾರಿ ಪ್ರೈಮರಿಯಲ್ಲಿ ಮತದಾನ ಇಮ್ಮಡಿ” ಎಂಬ ಸುದ್ದಿಗಳನ್ನು ಹೇಗೆ ಓದಬೇಕು?

ಉತ್ತರ: ಕಳೆದ ಬಾರಿ ಅಲ್ಲಿ ನಡೆದದ್ದು ಪ್ರೈಮರಿಯೋ ಕಾಕಸೋ ಎಂಬುದನ್ನು ಮೊದಲು ಕೇಳಿಕೊಂಡು ಓದಿ. ಕಾಕಸ್ ಎಂದರೆ ಗೊತ್ತಾದ ಹೊತ್ತಿಗೆ ಸಭೆಗೆ ಹೋಗಿ, ಗಂಟೆಗಟ್ಟಲೆ ಕೂತು, ಎಲ್ಲರೆದುರು ಪಕ್ಷ ವಹಿಸಬೇಕಾದ ವ್ಯವಸ್ಥೆ. ಪಾಳಿಯ ಕೆಲಸದವರಿಗೂ ಎಳೆಮಕ್ಕಳಿರುವವರಿಗೂ ಅದು ಆಗದ ಮಾತು. 2016ರಲ್ಲಿ ವಾಷಿಂಗ್ಟನ್ ರಾಜ್ಯದ ಡೆಮಾಕ್ರಟರು ಎರಡನ್ನೂ ನಡೆಸಿದ್ದರಿಂದ ನಮಗೊಂದು ಅಪರೂಪದ ಹೋಲಿಕೆ ಸಿಕ್ಕಿದೆ. ಮಾರ್ಚ್‌ನ ಕಾಕಸಿಗೆ ಬಂದವರು ಸುಮಾರು 2.3 ಲಕ್ಷ, ಅಲ್ಲಿ ಬರ್ನಿ ಸ್ಯಾಂಡರ್ಸ್ ಭರ್ಜರಿಯಾಗಿ ಗೆದ್ದರು. ಮೇ ತಿಂಗಳ ಪ್ರೈಮರಿಯಲ್ಲಿ ಸುಮಾರು 8 ಲಕ್ಷ ಮಂದಿ ಮತ ಹಾಕಿದರು, ಹಿಲರಿ ಮುಂದೆ ಬಂದರು. ಆದರೆ ಪಕ್ಷದ ಸಮಾವೇಶದಲ್ಲಿ ಹುರಿಯಾಳನ್ನು ಆರಿಸುವ ಪ್ರತಿನಿಧಿಗಳನ್ನು ಹಂಚುವ ಅಧಿಕಾರವೇ ಆ ಪ್ರೈಮರಿಗೆ ಇರಲಿಲ್ಲ. ಮಿನ್ನೆಸೋಟ ಮತ್ತು ಕೊಲರಾಡೊ 2020ಕ್ಕೆ ಕಾಕಸ್ ಬಿಟ್ಟು ಪ್ರೈಮರಿಗೆ ಬಂದವು. ಅಲ್ಲಿ ಸಂಖ್ಯೆ ಏರಿತೆಂದರೆ ಉತ್ಸಾಹ ಏರಿತೆಂದಲ್ಲ, ಬಾಗಿಲು ಅಗಲವಾಯಿತೆಂದರ್ಥ.

ಅದೇ ಮತಪತ್ರದಲ್ಲಿ ಇನ್ನೇನಿತ್ತೆಂಬುದೂ ಮುಖ್ಯ. 2022ರ ಆಗಸ್ಟ್ 2ರಂದು ಕನ್ಸಾಸ್‌ನಲ್ಲಿ ಪ್ರೈಮರಿಗೆಂದು 9 ಲಕ್ಷಕ್ಕೂ ಹೆಚ್ಚು ಜನ ಬಂದರು. ಅವರನ್ನು ಎಳೆದು ತಂದದ್ದು ಯಾವ ಅಭ್ಯರ್ಥಿಯೂ ಅಲ್ಲ, ಗರ್ಭಪಾತದ ಹಕ್ಕಿಗೆ ಸಂಬಂಧಿಸಿದ ಸಂವಿಧಾನ ತಿದ್ದುಪಡಿಯ ಪ್ರಶ್ನೆ. ಶೇ. 59ರಷ್ಟು ಮಂದಿ ತಿದ್ದುಪಡಿಯನ್ನು ತಿರಸ್ಕರಿಸಿದರು. ನವೆಂಬರಿನಲ್ಲಿ ಅದೇ ರಾಜ್ಯ ಡೆಮಾಕ್ರಟಿಕ್ ಗವರ್ನರ್ ಲಾರಾ ಕೆಲಿ ಅವರನ್ನು ಸಣ್ಣ ಅಂತರದಿಂದ ಉಳಿಸಿಕೊಂಡು, ಸೆನೆಟ್‌ಗೆ ರಿಪಬ್ಲಿಕನ್ ಜೆರಿ ಮೊರಾನ್ ಅವರನ್ನು ಭಾರಿ ಅಂತರದಿಂದ ಆರಿಸಿತು.

ಪ್ರಶ್ನೆ: 2024ರಲ್ಲಿ ಕಣದಿಂದ ಹಿಂದೆ ಸರಿದಿದ್ದ ನಿಕ್ಕಿ ಹೇಲಿ ಅವರಿಗೂ, “ಯಾರಿಗೂ ಬದ್ಧರಲ್ಲ” ಎಂಬ ಆಯ್ಕೆಗೂ ಲಕ್ಷಾಂತರ ಮತ ಬಿದ್ದವು. ಇಂಥ ಪ್ರತಿಭಟನಾ ಮತಗಳಿಂದ ನವೆಂಬರಿನ ಸುಳಿವು ಸಿಕ್ಕಿತ್ತೇ?

ಉತ್ತರ: ಒಂದರಿಂದ ಸಿಗಲಿಲ್ಲ, ಇನ್ನೊಂದರಿಂದ ಭಾಗಶಃ ಸಿಕ್ಕಿತು. ಹೇಲಿ ಮಾರ್ಚ್ 6ರಂದೇ ಹಿಂದೆ ಸರಿದಿದ್ದರು. ಏಪ್ರಿಲ್ 23ರಂದು ಪೆನ್ಸಿಲ್ವೇನಿಯಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ಅವರ ಹೆಸರಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದಾಗ, ಅದು ನೋಂದಾಯಿತ ರಿಪಬ್ಲಿಕನ್ನರಿಗೆ ಮಾತ್ರ ಮತವಿರುವ ಮುಚ್ಚಿದ ಪ್ರೈಮರಿ ಬೇರೆ ಆದ್ದರಿಂದ, ಈ ರಿಪಬ್ಲಿಕನ್ನರ ಮುನಿಸೇ ಟ್ರಂಪ್ ಅವರಿಗೆ ರಾಜ್ಯವನ್ನು ಕಳೆಯಬಹುದೆಂದು ಹಲವರು ಬರೆದರು. ಟ್ರಂಪ್ ಆ ರಾಜ್ಯವನ್ನು ಸುಮಾರು 1.2 ಲಕ್ಷ ಮತಗಳಿಂದ ಗೆದ್ದರು. ಏಪ್ರಿಲ್‌ನಲ್ಲಿ ಮುನಿಸು ತೋರಿಸುವುದಕ್ಕೆ ಬೆಲೆ ತೆರಬೇಕಾಗಿರಲಿಲ್ಲ. ನವೆಂಬರಿನಲ್ಲಿ ಎದುರಿಗಿದ್ದದ್ದು ಬೇರೆ ಪಕ್ಷ. ಅಲ್ಲದೆ ರಿಪಬ್ಲಿಕನ್ನರೆಂದು ನೋಂದಾಯಿಸಿಕೊಂಡಿದ್ದ ಆ ಮತದಾರರಲ್ಲಿ ಎಷ್ಟೋ ಮಂದಿ 2020ರಲ್ಲಿಯೇ ಬೈಡನ್ ಕಡೆಗೆ ಹೋಗಿದ್ದವರಾಗಿರಬಹುದು. ಹಾಗೆ ಆಗಲೇ ಕಳೆದುಹೋದ ಮತವನ್ನು ಮತ್ತೊಮ್ಮೆ ಕಳೆಯಲಾಗದು.

ಮಿಚಿಗನ್ನಿನ ಕಥೆ ಬೇರೆ. ಫೆಬ್ರವರಿ 27ರಂದು ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು, ಅಂದರೆ ಶೇ. 13ರಷ್ಟು, ಮಂದಿ ಗಾಜಾ ಯುದ್ಧದ ಬಗೆಗಿನ ಬೈಡನ್ ನೀತಿಯನ್ನು ವಿರೋಧಿಸಿ ಯಾರಿಗೂ ಬದ್ಧರಲ್ಲ ಎಂಬ ಆಯ್ಕೆಗೆ ಗುರುತು ಹಾಕಿದರು. ನವೆಂಬರಿನಲ್ಲಿ ಟ್ರಂಪ್ ಮಿಚಿಗನ್ ಗೆದ್ದದ್ದು ಸುಮಾರು 80 ಸಾವಿರ ಮತಗಳಿಂದ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ಸ್ವಲ್ಪ ತಡೆಯಿರಿ: 2012ರಲ್ಲಿ ಯಾವ ಆಂದೋಲನವೂ ಇಲ್ಲದೆ ಇದೇ ಆಯ್ಕೆಗೆ ಶೇ. 11ರಷ್ಟು ಮತ ಬಿದ್ದಿತ್ತು, ಒಬಾಮ ರಾಜ್ಯವನ್ನು ಒಂಬತ್ತು ಅಂಶಗಳಿಗೂ ಮಿಕ್ಕಿದ ಅಂತರದಿಂದ ಗೆದ್ದಿದ್ದರು. ಆದ್ದರಿಂದ ರಾಜ್ಯದ ಒಟ್ಟು ಶೇಕಡಾವಾರು ಏನನ್ನೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಆ ಮತಗಳು ಬಿದ್ದ ಜಾಗ. ಅರಬ್ ಮೂಲದವರು ಹೆಚ್ಚಾಗಿರುವ ಡಿಯರ್‌ಬಾರ್ನ್ ನಗರದಲ್ಲಿ ಬೈಡನ್ ಅವರನ್ನು ಈ ಆಯ್ಕೆಯೇ ಹಿಂದಿಕ್ಕಿತ್ತು. ನವೆಂಬರಿಗೆ ಅಭ್ಯರ್ಥಿ ಬದಲಾಗಿ ಕಮಲಾ ಹ್ಯಾರಿಸ್ ಬಂದಿದ್ದರೂ ಅಲ್ಲಿ ಟ್ರಂಪ್ ಅವರಿಗೆ ಶೇ. 42, ಹ್ಯಾರಿಸ್ ಅವರಿಗೆ ಶೇ. 36, ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅವರಿಗೆ ಶೇ. 18ರಷ್ಟು ಮತ ಬಂತು. ಒಂದು ನಗರದ, ಒಂದು ಸಮುದಾಯದ, ಒಂದು ಕಾರಣದ ಸಿಟ್ಟು ಎಂಟು ತಿಂಗಳು ಆರದೆ ಉಳಿಯಿತು.

ಪ್ರಶ್ನೆ: ಹಾಗಾದರೆ ನವೆಂಬರಿನ ಬಗ್ಗೆ ನಂಬಬಹುದಾದ ಸೂಚನೆ ಕೊಡುವ ಪ್ರೈಮರಿ ಒಂದೂ ಇಲ್ಲವೇ?

ಉತ್ತರ: ಒಂದಿದೆ, ಅದು ಅಧ್ಯಕ್ಷ ಸ್ಥಾನದ್ದಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮತ್ತು ರಾಜ್ಯ ಹುದ್ದೆಗಳಿಗೆ ಆಗಸ್ಟ್‌ನಲ್ಲಿ ನಡೆಯುವ ಪ್ರೈಮರಿಯಲ್ಲಿ ಪಕ್ಷಕ್ಕೊಂದು ಮತಪತ್ರವಿಲ್ಲ. ಎಲ್ಲ ಅಭ್ಯರ್ಥಿಗಳ ಹೆಸರೂ ಒಂದೇ ಪಟ್ಟಿಯಲ್ಲಿ, ಪ್ರತಿ ಹೆಸರಿನ ಪಕ್ಕ ಅವರು ಒಲವು ತೋರುವ ಪಕ್ಷದ ಉಲ್ಲೇಖ. ಮತಪತ್ರ ಅಂಚೆಯಲ್ಲಿ ಪ್ರತಿ ಮತದಾರರ ಮನೆಗೆ ಬರುತ್ತದೆ. ಯಾವ ಪಕ್ಷದವರಾದರೂ ಸರಿ, ಮೊದಲ ಇಬ್ಬರು ನವೆಂಬರಿಗೆ ಹೋಗುತ್ತಾರೆ. ಮತದಾರನೂ ಅದೇ, ಪ್ರಶ್ನೆಯೂ ಹೆಚ್ಚುಕಡಿಮೆ ಅದೇ. ಆದುದರಿಂದಲೇ ಅಲ್ಲಿ ಪಕ್ಷವಾರು ಮತಗಳನ್ನು ಕೂಡಿ ನೋಡುವುದಕ್ಕೆ ಅರ್ಥವಿದೆ, ಚುನಾವಣಾ ವಿಶ್ಲೇಷಕರು ಅದನ್ನು ದೇಶದ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ತಿಳಿಯಲು ಬಳಸುತ್ತಾರೆ. 2022ರ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಸೆನೆಟರ್ ಪ್ಯಾಟಿ ಮರ್ರೆ ಒಬ್ಬರೇ ಶೇ. 52ರಷ್ಟು ಮತ ಪಡೆದಿದ್ದರು. ಮುಂದೆ ಪೈಪೋಟಿ ಬಿಗಿಯಾಗುತ್ತಿದೆಯೆಂದು ಕೆಲವು ಸಮೀಕ್ಷೆಗಳು ಹೇಳಿದವು. ನವೆಂಬರಿನಲ್ಲಿ ಅವರು ಗೆದ್ದದ್ದು ಶೇ. 57ರಷ್ಟು ಮತಗಳಿಂದ. ರಿಪಬ್ಲಿಕನ್ನರು ನಿರೀಕ್ಷಿಸಿದ್ದ ದೊಡ್ಡ ಅಲೆ ದೇಶದಲ್ಲೂ ಏಳಲಿಲ್ಲ, ಪ್ರತಿನಿಧಿ ಸಭೆಯಲ್ಲಿ ಅವರಿಗೆ ಸಿಕ್ಕಿದ್ದು 222 ಸ್ಥಾನ.

ಆದರೆ ಅದೇ ಆಗಸ್ಟ್‌ನಲ್ಲಿ, ಅದೇ ರಾಜ್ಯದ ಮೂರನೆಯ ಕಾಂಗ್ರೆಸ್ ಕ್ಷೇತ್ರದಲ್ಲಿ, ರಿಪಬ್ಲಿಕನ್ ಅಭ್ಯರ್ಥಿಗಳ ಮತಗಳನ್ನೆಲ್ಲ ಕೂಡಿದರೆ ಶೇ. 65ರ ಆಸುಪಾಸು ಆಗುತ್ತಿತ್ತು. ಟ್ರಂಪ್ ವಿರುದ್ಧದ ಮಹಾಭಿಯೋಗಕ್ಕೆ ಮತ ಹಾಕಿದ್ದ ಹಾಲಿ ರಿಪಬ್ಲಿಕನ್ ಸದಸ್ಯೆ ಜೇಮಿ ಹೆರೆರಾ ಬ್ಯೂಟ್ಲರ್ ಸುಮಾರು ಒಂದು ಸಾವಿರ ಮತಗಳಿಂದ ಮೂರನೆಯ ಸ್ಥಾನಕ್ಕೆ ಜಾರಿ ಹೊರಬಿದ್ದರು. ಟ್ರಂಪ್ ಬೆಂಬಲಿತ ಜೋ ಕೆಂಟ್, ಶೇ. 31ರಷ್ಟು ಮತ ಪಡೆದಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ಮೇರಿ ಗ್ಲೂಸೆನ್‌ಕ್ಯಾಂಪ್ ಪೆರೆಜ್ ಅವರೆದುರು ನಿಂತರು. ಆಗಸ್ಟ್‌ನ ಕೂಡುವ ಲೆಕ್ಕದಲ್ಲಿ ಕೆಂಟ್ ಅವರಿಗೆ ಆತಂಕಕ್ಕೆ ಕಾರಣವೇ ಇರಲಿಲ್ಲ. ಹೆರೆರಾ ಬ್ಯೂಟ್ಲರ್ ಅವರಿಗೆ ಮತ ಹಾಕಿದ್ದವರಲ್ಲಿ ಸಾಕಷ್ಟು ಮಂದಿ ಆ ಲೆಕ್ಕವನ್ನು ಒಪ್ಪಲಿಲ್ಲ. ನವೆಂಬರಿನಲ್ಲಿ ಕೆಂಟ್ ಎರಡೂವರೆ ಸಾವಿರದಷ್ಟು ಮತಗಳಿಂದ ಸೋತರು.